ಬೀಗದ ಕೈ ಕೊಡುವ ಮುನ್ನ

ನಮ್ಮೂರಿನ ಡೈರಿಯಲ್ಲಿ ಬೆಳಿಗ್ಗೆ ಹಾಲು ಹಾಕುವವರು ಈಗ ಹನ್ನೊಂದೇ ಮಂದಿ. ಬಾಡಿಗೆ ವಸೂಲಿ ಮಾಡುವವರು ಅರವತ್ತಕ್ಕೂ ಹೆಚ್ಚು. ನಾನು ಎರಡು ಕಡೆಯೂ ಇದ್ದೇನೆ. ಎರಡು ಹಸು, ಮೂವತ್ತು ಗುಂಟೆ ರಾಗಿ ಮತ್ತು ಸೊಪ್ಪು, ಏಳು ಬಾಡಿಗೆ ಮನೆ. ಸಂಸಾರ ಸಾಗುತ್ತಿರುವುದು ಕೊನೆಯದರಿಂದ ಅಂತ ಒಪ್ಪಿಕೊಳ್ಳಲು ನಾಚಿಕೆ ಏನಿಲ್ಲ.

ಆನೇಕಲ್ ತಾಲ್ಲೂಕಿನ ಈ ಕಡೆ ಇದು ಮನೆಮನೆಯ ಕತೆ. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಸುತ್ತಿನ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿ ಆರಂಭಿಸಿತು. ಆಮೇಲೆ ಬೊಮ್ಮಸಂದ್ರ, ಜಿಗಣಿ ಕೈಗಾರಿಕಾ ಪ್ರದೇಶಗಳು ಬೆಳೆದವು. ಅತ್ತ ಪೀಣ್ಯದ ಸುತ್ತ ಹೆಗ್ಗನಹಳ್ಳಿ, ಲಗ್ಗೆರೆ, ಚೊಕ್ಕಸಂದ್ರದಲ್ಲಿ ಇದು ನಮಗಿಂತ ಮೊದಲೇ ನಡೆದಿತ್ತು. ಇತ್ತ ವೈಟ್‌ಫೀಲ್ಡ್ ಕಡೆ ಹೂಡಿ, ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿಯವರು 1990ರ ದಶಕದಲ್ಲಿ ಐಟಿಪಿಎಲ್ ಬಂದ ಮೇಲೆ ಇದೇ ದಾರಿ ಹಿಡಿದರು. ಜಮೀನು ಹೋದದ್ದು ಹೋಯಿತು. ಬಂದ ದುಡ್ಡಿನಲ್ಲಿ ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿದೆವು. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಬಂದ ಮೇಲಂತೂ ಮನೆ ಕೇಳಿಕೊಂಡು ಬರುವವರು ಇನ್ನಷ್ಟು ಜಾಸ್ತಿ.

ಬೆಳೆ ಹೇಗೆ ಇಡಬೇಕು ಅಂತ ನಮಗೆ ಅಪ್ಪ ಕಲಿಸಿದ. ಬಾಡಿಗೆಗೆ ಹೇಗೆ ಕೊಡಬೇಕು ಅಂತ ಯಾರೂ ಕಲಿಸಲಿಲ್ಲ. ಕೈಸುಟ್ಟುಕೊಂಡೇ ಕಲಿತೆವು. ಇಪ್ಪತ್ತು ವರ್ಷದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮೂರಿನ ಪಕ್ಕ ಇನ್ನೂ ಫ್ಯಾಕ್ಟರಿ ಬಂದಿಲ್ಲದಿದ್ದರೂ ಓದಿಡಿ. ಬರಬಹುದು.

ನಮ್ಮಪ್ಪನ ಬಳಿ ಇಲ್ಲದ ರಸೀತಿ

ಮೊದಲು ಒಂದು ಹಳೇ ಮಾತು. ನಮ್ಮಪ್ಪ ಗೇಣಿ ರೈತ. ಎರಡು ಎಕರೆ ಉಳುತ್ತಿದ್ದದ್ದು ಬೇರೆಯವರ ಹೊಲ. ಸುಗ್ಗಿ ಮುಗಿದರೆ ರಾಗಿ ಅಳೆದು ಧಣಿ ಮನೆಗೆ ಹಾಕಿ ಬರುವುದು. ಅದಕ್ಕೆ ಚೀಟಿ ಇಲ್ಲ, ರಸೀತಿ ಇಲ್ಲ. ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂದಾಗ ಅಪ್ಪನೂ ಏಳನೇ ನಮೂನೆ ಅರ್ಜಿ ಹಾಕಿದ. ಭೂ ನ್ಯಾಯಮಂಡಳಿಯ ಮುಂದೆ ಕೇಳಿದ್ದು ಒಂದೇ ಪ್ರಶ್ನೆ: 'ನೀನು ಗೇಣಿ ಕೊಟ್ಟಿದ್ದಕ್ಕೆ ಏನು ದಾಖಲೆ?' ಅಪ್ಪನ ಬಳಿ ಏನೂ ಇರಲಿಲ್ಲ. ಪಕ್ಕದ ಹೊಲದ ಇಬ್ಬರು ಮುದುಕರು ಬಂದು ಸಾಕ್ಷಿ ಹೇಳಿದ್ದಕ್ಕೆ ಜಮೀನು ಉಳಿಯಿತು. ಸಾಕ್ಷಿ ಸಿಗದೆ ಕಳೆದುಕೊಂಡವರೂ ನಮ್ಮೂರಲ್ಲೇ ಇದ್ದರು.

ಆ ಅಪ್ಪನ ಮಗನಾದ ನಾನು ಮೊದಲ ಎಂಟು ವರ್ಷ ನನ್ನ ಬಾಡಿಗೆದಾರರಿಗೆ ಒಂದು ಚೀಟಿಯನ್ನೂ ಕೊಡಲಿಲ್ಲ! 'ಬರೆದುಕೊಟ್ಟರೆ ಇವರೇ ಮನೆ ನಮ್ಮದು ಅಂದುಬಿಟ್ಟರೆ?' ಅನ್ನುವ ಭಯ. ಉಳುವವನೇ ಹೊಲದೊಡೆಯ ಅಂತ ಆಯಿತಲ್ಲ, ಇರುವವನೇ ಮನೆಯೊಡೆಯ ಅಂತಲೂ ಆದರೆ?

ಈ ಭಯ ನಮ್ಮ ರೈತರಲ್ಲಿ ಇನ್ನೂ ಇದೆ. ಆದರೆ ಇದು ತಪ್ಪು. ಆ ಕಾಯ್ದೆ ಕೃಷಿ ಜಮೀನಿನದು, ಮನೆಯದಲ್ಲ. ಬಾಡಿಗೆಗೆ ಬಂದವನು ಎಷ್ಟು ವರ್ಷ ಇದ್ದರೂ ಬಾಡಿಗೆದಾರನೇ. ಒಪ್ಪಿಗೆ ಪಡೆದು ಒಳಗೆ ಬಂದವನು ಒಳಗಿದ್ದುಕೊಂಡೇ 'ಇದು ನಿನ್ನದಲ್ಲ' ಅನ್ನುವುದನ್ನು ಕಾನೂನು ಒಪ್ಪುವುದಿಲ್ಲ. ಆದರೆ ಅವನು ಬಾಡಿಗೆದಾರನಾಗಿಯೇ ಬಂದ ಅಂತ ತೋರಿಸಲು ಕಾಗದ ಬೇಕು. ಅಂದರೆ ಕರಾರು, ರಸೀತಿ ಇಲ್ಲದಿದ್ದರೆ ಅಪಾಯ ನಮಗೇ. ಬರೆದುಕೊಟ್ಟರೆ ಕಳೆದುಕೊಳ್ಳುತ್ತೇವೆ ಅನ್ನುವುದು ತಲೆಕೆಳಗಾದ ಲೆಕ್ಕ.

ಇದೇ ಮಾತಿಗೆ ಸೇರಿದ ಒಂದು ಎಚ್ಚರಿಕೆ. ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಅದೇ ಕಾಯ್ದೆಯ 5ನೇ ಸೆಕ್ಷನ್ ಕೆಲವೇ ವಿನಾಯಿತಿ ಬಿಟ್ಟು ತಡೆಯುತ್ತದೆ. ಹೊಲದ ಮೂಲೆಯಲ್ಲಿ ಕೂಲಿ ಶೆಡ್ಡು, ಗ್ಯಾರೇಜು, ಗೋದಾಮು ಅಂತ ಬಾಡಿಗೆಗೆ ಕೊಡುವ ಆಸೆ ಇದ್ದರೆ ಮೊದಲು ಭೂಪರಿವರ್ತನೆ ಮಾಡಿಸಿಕೊಳ್ಳಿ. ಅದಕ್ಕೆ ಇರುವುದು 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್. ಪರಿವರ್ತನೆ ಇಲ್ಲದೆ ಬರೆದ ಕರಾರು ತಕರಾರು ಬಂದ ದಿನ ಕೈಕೊಡುತ್ತದೆ.

ಸಹಿ ಹಾಕುವವರು ಯಾರು?

ಕರಾರಿಗೆ ಮೊದಲು ನಮ್ಮ ಮನೆಯೊಳಗಿನ ವಿಷಯ ಸರಿ ಇರಬೇಕು. ನಮ್ಮ ಕಡೆ ಅರ್ಧ ಮನೆಗಳ ಖಾತೆ ಇನ್ನೂ ತೀರಿಹೋದ ತಂದೆ ಹೆಸರಲ್ಲೇ ಇದೆ. ಅಣ್ಣತಮ್ಮಂದಿರ ಭಾಗ ಬಾಯಿಮಾತಲ್ಲಿ ಆಗಿರುತ್ತದೆ. ದೊಡ್ಡವನು ಕರಾರು ಬರೆದುಕೊಟ್ಟು ಅಡ್ವಾನ್ಸ್ ತಗೊಳ್ಳುತ್ತಾನೆ. ಒಂದು ದಿನ ಚಿಕ್ಕವನು ಹೋಗಿ 'ಈ ತಿಂಗಳಿಂದ ಬಾಡಿಗೆ ನನಗೆ ಕೊಡಿ' ಅಂತಾನೆ. ಬಾಡಿಗೆದಾರ ಇಬ್ಬರಿಗೂ ಕೊಡದೆ ಕೂರುತ್ತಾನೆ. ಅವನನ್ನು ಬಯ್ದು ಏನು ಪ್ರಯೋಜನ?

ಪೌತಿ ಖಾತೆ ಮಾಡಿಸಿ. ಅದಕ್ಕೆ ಸಮಯ ಬೇಕಾದರೆ ವಾರಸುದಾರರೆಲ್ಲ ಸೇರಿ 'ಬಾಡಿಗೆ ವ್ಯವಹಾರ ಇಂಥವರು ನೋಡಿಕೊಳ್ಳಲಿ' ಅಂತ ಒಂದು ಒಪ್ಪಿಗೆ ಪತ್ರ ಬರೆದು ಸಹಿ ಹಾಕಿಕೊಳ್ಳಿ. ಅಕ್ಕತಂಗಿಯರ ಸಹಿಯನ್ನೂ ಮರೆಯಬೇಡಿ. ಇದೊಂದು ಆದರೆ ಮುಂದಿನ ಜಗಳ ಅರ್ಧ ಕಡಿಮೆ.

ಹನ್ನೊಂದು ತಿಂಗಳೇ ಯಾಕೆ?

ಟೈಪಿಂಗ್ ಅಂಗಡಿಯವರು 'ಹನ್ನೊಂದು ತಿಂಗಳು' ಅಂತ ತಾವೇ ಹಾಕಿಬಿಡುತ್ತಾರೆ. ಯಾಕೆ ಅಂತ ನಮಗೆ ಗೊತ್ತಿರುವುದಿಲ್ಲ. ಕಾರಣ ಇಷ್ಟೇ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಹನ್ನೊಂದು ತಿಂಗಳಾದರೆ ಆ ಕಡ್ಡಾಯ ಇಲ್ಲ. ಅವಧಿ ಮುಗಿದ ಮೇಲೆ ಹೊಸದಾಗಿ ಬರೆಯಬೇಕು. ನಮ್ಮಲ್ಲಿ ತಪ್ಪುವುದು ಇಲ್ಲೇ. 2016ರಲ್ಲಿ ಬರೆದ ಹನ್ನೊಂದು ತಿಂಗಳ ಕರಾರನ್ನೇ ಇಟ್ಟುಕೊಂಡು ಇಂದಿಗೂ 'ಅಗ್ರಿಮೆಂಟ್ ಇದೆ' ಅನ್ನುವವರಿದ್ದಾರೆ.

ಮೂರು ವರ್ಷ, ಐದು ವರ್ಷ ಅಂತ ಬರೆದು ನೋಂದಣಿ ಮಾಡಿಸದೆ ಇಟ್ಟುಕೊಳ್ಳುವುದು ಇನ್ನೂ ಕೆಟ್ಟದ್ದು. ಅದರೊಳಗಿನ ಷರತ್ತುಗಳನ್ನು ಕೋರ್ಟಿನಲ್ಲಿ ಎತ್ತಿಹಿಡಿಯುವುದು ಕಷ್ಟ.

ಸ್ಟ್ಯಾಂಪ್ ವಿಷಯದಲ್ಲೂ ಜಿಪುಣತನ ಬೇಡ. ಸುಂಕ ಲೆಕ್ಕ ಹಾಕುವಾಗ ಬಾಡಿಗೆಯ ಜೊತೆ ಅಡ್ವಾನ್ಸ್ ಹಣವೂ ಸೇರುತ್ತದೆ. ಮನೆಗೆ ಒಂದು ದರ, ಅಂಗಡಿ-ಶೆಡ್ಡಿಗೆ ಇನ್ನೊಂದು, ಅವಧಿ ಹೆಚ್ಚಾದಂತೆ ಮತ್ತೊಂದು. ಇ-ಸ್ಟ್ಯಾಂಪ್ ತೆಗೆಯುವಾಗ ಕೇಳಿ ಸರಿಯಾದ ಮೊತ್ತದ್ದೇ ತೆಗೆಯಿರಿ. ಕಡಿಮೆ ಸ್ಟ್ಯಾಂಪಿನ ಕಾಗದವನ್ನು ಕೋರ್ಟು ಹಾಗೇ ತಗೊಳ್ಳುವುದಿಲ್ಲ. ಕೊರತೆಯ ಹಣ ಮತ್ತು ಅದರ ಹತ್ತುಪಟ್ಟು ದಂಡ ಕಟ್ಟುವ ಪ್ರಸಂಗ ಬರಬಹುದು.

ಬಾಡಿಗೆ ಕಾನೂನಿನ ಬಗ್ಗೆಯೂ ಎರಡು ಮಾತು. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಜಾರಿಯಾದದ್ದು 2001ರ ಡಿಸೆಂಬರ್ 31ಕ್ಕೆ. ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಇಲ್ಲಿನ ಹೆಚ್ಚಿನ ಮನೆಗಳು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತವೆ. ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ ಆ ಕಾಯ್ದೆ ಪ್ರಕಾರ ತಿಂಗಳ ಬಾಡಿಗೆಯ ಮನೆ ಬಿಡಿಸಲು 15 ದಿನದ ನೋಟಿಸ್ ಕೊಡಬೇಕು. 'ಇನ್ಮೇಲೆ ಎರಡೇ ತಿಂಗಳ ಅಡ್ವಾನ್ಸ್ ಅಂತೆ' ಎನ್ನುವ ಸುದ್ದಿ ಮೊಬೈಲಿನಲ್ಲಿ ಓಡಾಡುತ್ತಿರುತ್ತದೆ. ಅದು ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿರುವ ಮಾತು. ಮಾದರಿ ಅಂದರೆ ಮಾದರಿ. ರಾಜ್ಯ ಅದರಂತೆ ತನ್ನ ಕಾಯ್ದೆ ಮಾಡಿಕೊಂಡರೆ ಮಾತ್ರ ಅದು ಕಾನೂನು.

ಲೀಸ್ ದುಡ್ಡು ಸಾಲವೇ

ನಾನು ಮಾಡಿದ ದೊಡ್ಡ ತಪ್ಪು ಇದು. 2011ರಲ್ಲಿ ನೆಲಮನೆಯನ್ನು ಭೋಗ್ಯಕ್ಕೆ ಕೊಟ್ಟೆ. ನಮ್ಮ ಕಡೆ ಇದಕ್ಕೆ 'ಲೀಸ್' ಅಂತಲೇ ಹೆಸರು. ಒಂದೇ ಗಂಟು ದುಡ್ಡು ತಗೊಳ್ಳುವುದು, ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದಾಗ ಪೂರ್ತಿ ದುಡ್ಡು ವಾಪಸ್. 2 ಲಕ್ಷ ರೂಪಾಯಿ, ಮೂರು ವರ್ಷ.

ಆ ದುಡ್ಡಿನಲ್ಲಿ ಬೋರ್ ಕೊರೆಸಿದೆ. 1,100 ಅಡಿ ಹೋದರೂ ಬಂದದ್ದು ದೂಳು. ಇನ್ನೊಂದು ಪಾಯಿಂಟ್ ನೋಡಿಸಿದೆ, ಅದೂ ಫೇಲ್. 2014ರಲ್ಲಿ ಅವಧಿ ಮುಗಿಯಿತು. ಅವರು ಮರ್ಯಾದೆಯಿಂದಲೇ ಕೇಳಿದರು. ನನ್ನ ಹತ್ತಿರ ಇರಲಿಲ್ಲ. ಇನ್ನೂ ಹದಿನಾಲ್ಕು ತಿಂಗಳು ಆ ಸಂಸಾರ ಬಾಡಿಗೆ ಇಲ್ಲದೆ ಉಳಿಯಿತು. ಕೊನೆಗೆ ಎರಡು ಹಸು ಮಾರಿ, ಉಳಿದದ್ದನ್ನು ಕೈಸಾಲ ಮಾಡಿ ತೀರಿಸಿದೆ.

ಈಗ ಲೆಕ್ಕ ನೋಡಿ. ಆ ಮನೆಗೆ ಆಗ ತಿಂಗಳಿಗೆ 4,000 ಬಾಡಿಗೆ ಬರುತ್ತಿತ್ತು. 36 ಮತ್ತು 14, ಒಟ್ಟು 50 ತಿಂಗಳು. 2 ಲಕ್ಷ ರೂಪಾಯಿ ಬಾಡಿಗೆ ಬಿಟ್ಟೆ. 2 ಲಕ್ಷ ಪಡೆದು, 2 ಲಕ್ಷ ಬಾಡಿಗೆ ಕಳೆದುಕೊಂಡು, ಮತ್ತೆ 2 ಲಕ್ಷ ವಾಪಸ್ ಕೊಟ್ಟೆ! ಅಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ವರ್ಷಕ್ಕೆ 24. ಸಾಹುಕಾರನ ಹತ್ತಿರ ಹೋಗಿದ್ದರೆ ಎಚ್ಚರಿಕೆಯಿಂದ ಇರುತ್ತಿದ್ದೆ. 'ಲೀಸ್' ಅಂತ ಹೆಸರಿದ್ದದ್ದಕ್ಕೆ ಅದು ಸಾಲ ಅನ್ನಿಸಲೇ ಇಲ್ಲ.

ಲೀಸ್ ಕೊಡಲೇಬೇಡಿ ಅನ್ನುವುದಿಲ್ಲ. ಆ ದುಡ್ಡಿನಿಂದ ಬಡ್ಡಿ ಸಾಲ ತೀರುತ್ತದೆ ಅನ್ನುವುದಾದರೆ ಲೆಕ್ಕ ಹಾಕಿ ನೋಡಿ. ಮದುವೆ, ಬೋರ್‌ವೆಲ್, ಕಾರು ಇವುಗಳಿಗೆ ಮಾತ್ರ ಬೇಡ. ಅವಧಿ ವರ್ಷ ಮೀರಿದರೆ ನೋಂದಣಿ ಮಾಡಿಸಿ. ಹಣ ಬ್ಯಾಂಕಿನ ಮೂಲಕವೇ ಬರಲಿ, ಹೋಗಲಿ. ಇನ್ನೊಂದು ವಿಷಯ: 'ಮನೆ ನಮಗೆ ಕೊಡಿ, ತಿಂಗಳ ಬಾಡಿಗೆ ನಾವು ಕೊಡ್ತೀವಿ, ಯಾರಿಗೆ ಕೊಡಬೇಕು ನಾವು ನೋಡ್ಕೋತೀವಿ' ಅನ್ನುವ ಮಧ್ಯವರ್ತಿಗಳು ಬರುತ್ತಾರೆ. ನಮಗೆ ನಾಲ್ಕು ತಿಂಗಳು ಬಾಡಿಗೆ ಕೊಟ್ಟು, ಅದೇ ಮನೆಯನ್ನು ಬೇರೆಯವರಿಗೆ ಲಕ್ಷಗಟ್ಟಲೆ ಲೀಸಿಗೆ ಕೊಟ್ಟು ಓಡಿಹೋದ ಪ್ರಕರಣಗಳು ಬೆಂಗಳೂರಿನಲ್ಲಿ ನಡೆದಿವೆ. ದುಡ್ಡು ಕೊಟ್ಟು ಒಳಗಿರುವ ಸಂಸಾರ, ದುಡ್ಡೇ ನೋಡದ ಮಾಲೀಕ ಇಬ್ಬರೂ ಠಾಣೆ ಮುಂದೆ. ಮನೆಯಲ್ಲಿ ಇರುವವರ ಜೊತೆಯೇ ನೇರ ಕರಾರು ಮಾಡಿಕೊಳ್ಳುವುದು ಒಳ್ಳೆಯದು.

ಯಾರು ಬರುತ್ತಿದ್ದಾರೆ, ಏನು ಕೇಳಬೇಕು

ಮೊದಲೆಲ್ಲ ನಾನು ಊರು, ಜಾತಿ, ಮಾಂಸ ತಿನ್ನುತ್ತೀರಾ ಇದನ್ನೇ ಕೇಳುತ್ತಿದ್ದೆ. ಬಾಡಿಗೆ ಕೊಡದೆ ಹೋದವರಲ್ಲಿ ನಮ್ಮವರೇ ಇದ್ದರು! ಈಗ ಬೇರೆ ಪ್ರಶ್ನೆ ಕೇಳುತ್ತೇನೆ.

ಎಲ್ಲಿ ಕೆಲಸ, ಎಷ್ಟು ದಿನದಿಂದ? ಕಂಪನಿಯಿಂದ ಸಂಬಳವೋ ಗುತ್ತಿಗೆದಾರನಿಂದಲೋ? ಸಂಬಳ ಯಾವ ತಾರೀಖಿಗೆ? ಹಿಂದಿನ ಮನೆ ಯಾಕೆ ಬಿಡುತ್ತಿದ್ದೀರಿ, ಆ ಮಾಲೀಕರ ಫೋನ್ ನಂಬರು ಕೊಡುತ್ತೀರಾ? ಒಟ್ಟು ಎಷ್ಟು ಜನ ಇರುತ್ತೀರಿ? ಗಾಡಿ ಎಷ್ಟು? ರಾತ್ರಿ ಪಾಳಿ ಇದೆಯಾ?

ಸಂಬಳದ ತಾರೀಖು ಕೇಳುವುದು ಮುಖ್ಯ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ 7ರಿಂದ 10ರೊಳಗೆ ಸಂಬಳ. ಅವರಿಗೆ 1ನೇ ತಾರೀಖಿಗೇ ಬಾಡಿಗೆ ಅಂತ ಬರೆದರೆ ಪ್ರತಿ ತಿಂಗಳೂ ತಪ್ಪುತ್ತದೆ. ನಾವು ಪ್ರತಿ ತಿಂಗಳೂ ಗೊಣಗಬೇಕು. 12ನೇ ತಾರೀಖು ಅಂತ ಬರೆದ ಮೇಲೆ ನನ್ನ ಮೂರು ಮನೆಗಳಲ್ಲಿ ಬಾಡಿಗೆ ತಡವಾಗುವುದೇ ನಿಂತಿತು.

ಜನರ ಲೆಕ್ಕವೂ ಅಷ್ಟೇ ಮುಖ್ಯ. ಗುತ್ತಿಗೆದಾರನೊಬ್ಬ 'ನಾಲ್ಕು ಹುಡುಗರು' ಅಂತ ಹೇಳಿ ರೂಮು ತಗೊಂಡ. ಎರಡು ಪಾಳಿಯಲ್ಲಿ ಹನ್ನೊಂದು ಮಂದಿ ಮಲಗುತ್ತಿದ್ದರು. ಎರಡು ವರ್ಷಕ್ಕೆ ತುಂಬಬೇಕಾದ ಪಿಟ್ ಆರೇ ತಿಂಗಳಿಗೆ ತುಂಬಿತು. ಸಂಪಿನ ನೀರು ಮಧ್ಯಾಹ್ನಕ್ಕೇ ಖಾಲಿ. ಆ ಹುಡುಗರ ತಪ್ಪೇನಿಲ್ಲ, ಅವರನ್ನು ತುಂಬಿದವನದು. ಕರಾರಿನಲ್ಲಿ ಸಂಖ್ಯೆ ಬರೆಯದಿದ್ದದ್ದು ನನ್ನ ತಪ್ಪು. ಈಗ ಗುತ್ತಿಗೆದಾರ ಸಹಿ ಹಾಕಿದರೂ ಒಳಗೆ ಇರುವ ಪ್ರತಿಯೊಬ್ಬರ ಹೆಸರು, ಊರು, ಫೋನ್ ನಂಬರು ಪಟ್ಟಿ ಮಾಡಿ ಕರಾರಿಗೆ ಲಗತ್ತಿಸುತ್ತೇನೆ.

ಗುರುತಿಗೆ ಆಧಾರ್ ಪ್ರತಿ ಕೇಳುವುದಾದರೆ ಮೊದಲ ಎಂಟು ಅಂಕೆ ಮುಚ್ಚಿದ ಪ್ರತಿ ಸಾಕು. ಅದರ ಜೊತೆ ಕೆಲಸದ ಗುರುತುಚೀಟಿ, ಒಂದು ಫೋಟೊ, ಊರಲ್ಲಿರುವ ಒಬ್ಬರ ಫೋನ್ ನಂಬರು. ಈ ವಿವರವನ್ನು ಪೊಲೀಸ್ ಠಾಣೆಗೂ ಕೊಡಿ, ಅದಕ್ಕೆ ಫಾರಂ ಇದೆ. ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಳ್ಳಿ. ಮುಂದೆ ಏನಾದರೂ ಆದರೆ 'ನನಗೆ ಗೊತ್ತೇ ಇಲ್ಲ ಸ್ವಾಮಿ' ಅನ್ನುವುದಕ್ಕಿಂತ ಆ ಸ್ವೀಕೃತಿ ಮೇಲು.

ಕರಾರಿನಲ್ಲಿ ಏನಿರಬೇಕು?

ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಯಲ್ಲಿ ಅರ್ಧ ಮಾತು ನಮಗೆ ಅರ್ಥವಾಗುವುದಿಲ್ಲ, ನಮಗೆ ಬೇಕಾದದ್ದು ಇರುವುದಿಲ್ಲ. ನಾನು ಬರೆಸುವ ಕರಾರಿನ ಮುಖ್ಯ ಸಾಲುಗಳು ಹೀಗಿವೆ. ನಿಮಗೆ ಬೇಕಾದಂತೆ ಬದಲಾಯಿಸಿಕೊಳ್ಳಿ. ಒಮ್ಮೆ ವಕೀಲರಿಗೆ ತೋರಿಸಿ.

1. ಮನೆ: ಮನೆ ನಂಬರು ……, ಒಂದು ಹಾಲು, ಒಂದು ರೂಮು, ಅಡುಗೆಮನೆ, ಬಚ್ಚಲು. ವಾಸಕ್ಕೆ ಮಾತ್ರ. ಅಂಗಡಿ, ಗೋದಾಮು ಮಾಡುವಂತಿಲ್ಲ.
2. ಅವಧಿ: ತಾರೀಖು …… ರಿಂದ …… ವರೆಗೆ, ಹನ್ನೊಂದು ತಿಂಗಳು. ಇಬ್ಬರೂ ಒಪ್ಪಿದರೆ ಹೊಸ ಕರಾರು. ಆಗ ಬಾಡಿಗೆ ನೂರಕ್ಕೆ …… ಹೆಚ್ಚು.
3. ಬಾಡಿಗೆ: ತಿಂಗಳಿಗೆ ರೂ. ……. ಪ್ರತಿ ತಿಂಗಳು …… ನೇ ತಾರೀಖಿನೊಳಗೆ. ಮಾಲೀಕರು ರಸೀತಿ ಕೊಡತಕ್ಕದ್ದು.
4. ಅಡ್ವಾನ್ಸ್: ರೂ. …… ಬ್ಯಾಂಕ್ ಮೂಲಕ ಸಂದಾಯವಾಗಿದೆ. ಇದಕ್ಕೆ ಬಡ್ಡಿ ಇಲ್ಲ. ಮನೆ ಖಾಲಿ ಮಾಡಿ ಕೈ ಕೊಟ್ಟ ದಿನದಿಂದ …… ದಿನದೊಳಗೆ ವಾಪಸ್.
5. ಕಡಿತ: ಬಾಕಿ ಬಾಡಿಗೆ, ಕರೆಂಟು, ನೀರು ಮತ್ತು ಮುರಿದದ್ದರ ರಿಪೇರಿ ಮಾತ್ರ. ಬಣ್ಣಕ್ಕೆ ರೂ. …… ಮೀರದಂತೆ.
6. ಜನ: ಒಟ್ಟು …… ಮಂದಿ. ಹೆಸರು ಪಟ್ಟಿ ಲಗತ್ತು. ಬೇರೆಯವರಿಗೆ ಒಳಬಾಡಿಗೆ ಕೊಡುವಂತಿಲ್ಲ.
7. ಕರೆಂಟು: ಮೀಟರ್ ಆರ್‌ಆರ್ ನಂಬರು ……. ಬಂದ ದಿನದ ರೀಡಿಂಗ್ …….
8. ನೀರು: ಬೋರ್ ನೀರು ದಿನಕ್ಕೆ …… ಹೊತ್ತು. ಟ್ಯಾಂಕರ್ ತರಿಸಬೇಕಾದರೆ ಖರ್ಚು ಹೀಗೆ ಹಂಚಿಕೆ …….
9. ರಿಪೇರಿ: ಬಲ್ಬು, ನಲ್ಲಿ ವಾಷರ್ ಬಾಡಿಗೆದಾರರದು. ಸೋರಿಕೆ, ವೈರಿಂಗ್, ಪಿಟ್ ಮಾಲೀಕರದು.
10. ನೋಟಿಸ್: ಬಿಡುವುದಾದರೂ ಬಿಡಿಸುವುದಾದರೂ …… ತಿಂಗಳ ಮುಂಚೆ ಬರಹದಲ್ಲಿ ತಿಳಿಸತಕ್ಕದ್ದು.

ಕೆಳಗೆ ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು. ಪ್ರತಿ ಹಾಳೆಗೂ ಸಹಿ. ಒಂದು ಪ್ರತಿ ಅವರಿಗೆ. 'ಅವರಿಗೆ ಯಾಕೆ ಕೊಡೋದು?' ಅನ್ನುವ ಮಾಲೀಕರಿಗೆ ನಮ್ಮಪ್ಪನ ಕತೆ ಹೇಳುತ್ತೇನೆ.

ಜಗಳ ಹೆಚ್ಚು ಆಗುವುದು 5ನೇ ಸಾಲಿನ ಮೇಲೆ. ಮನೆ ಬಿಡುವಾಗ ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ವಾಡಿಕೆ. ಬರುವಾಗ ಹೇಳದೆ ಹೋಗುವಾಗ ಹಿಡಿದರೆ ಅದು ಮೋಸ ಅಂತಲೇ ಅವರಿಗೆ ಅನ್ನಿಸುತ್ತದೆ. ಆರೇ ತಿಂಗಳು ಇದ್ದು ಹೋದವನಿಂದ ಪೂರ್ತಿ ಬಣ್ಣದ ದುಡ್ಡು ಹಿಡಿಯುವುದು ನ್ಯಾಯವೂ ಅಲ್ಲ.

ಅಡ್ವಾನ್ಸ್ ವಿಷಯಕ್ಕೆ ಒಂದು ಸಲಹೆ. ಅದು ನಮ್ಮ ದುಡ್ಡಲ್ಲ, ಇನ್ನೊಬ್ಬರ ದುಡ್ಡು ನಮ್ಮ ಹತ್ತಿರ ಇದೆ ಅಷ್ಟೆ. ನಾನು ಈಗ ಬೇರೆ ಖಾತೆಯಲ್ಲಿ ಇಡುತ್ತೇನೆ. ಗೊಬ್ಬರಕ್ಕೆ ಕಷ್ಟ ಬಂದರೂ ಮುಟ್ಟುವುದಿಲ್ಲ.

ಕರಾರು ಕನ್ನಡದಲ್ಲಿದ್ದು ಬಾಡಿಗೆಗೆ ಬಂದವರು ಒಡಿಶಾ, ಬಿಹಾರ, ಅಸ್ಸಾಮಿನವರಾದರೆ? ಅವರ ಜೊತೆ ಕೆಲಸ ಮಾಡುವ, ಎರಡೂ ಭಾಷೆ ಬಲ್ಲ ಒಬ್ಬರನ್ನು ಕರೆಸಿ ಸಾಲುಸಾಲು ಓದಿ ಹೇಳಿಸುತ್ತೇನೆ. ಅವರನ್ನೇ ಒಬ್ಬ ಸಾಕ್ಷಿ ಮಾಡುತ್ತೇನೆ. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಕಷ್ಟ ನಮ್ಮ ಹಿರಿಯರಿಗೆ ಗೊತ್ತಿತ್ತು.

ಬಂದ ದಿನದ ಕೆಲಸ

ಸಾಮಾನು ಇಳಿಸುವ ಮೊದಲು ಇಬ್ಬರೂ ಖಾಲಿ ಮನೆ ಸುತ್ತಬೇಕು. ನಲ್ಲಿ, ಸ್ವಿಚ್ಚು, ಬಾಗಿಲ ಚಿಲಕ, ಕಿಟಕಿ ಗಾಜು, ಫ್ಯಾನು ಎಲ್ಲ ನೋಡಿ ಒಂದು ಚೀಟಿಯಲ್ಲಿ ಬರೆಯಿರಿ. ಬಿರುಕು, ತೇವದ ಕಲೆ ಇದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ಅವರಿಗೂ ಕಳಿಸಿ. ಮೀಟರ್ ರೀಡಿಂಗಿನ ಫೋಟೊ ಕೂಡ. ಕಾಲು ಗಂಟೆಯ ಕೆಲಸ. ಮನೆ ಬಿಡುವ ದಿನ ಒಂದು ಗಂಟೆ ಜಗಳ ತಪ್ಪುತ್ತದೆ.

ಆಮೇಲೆ ಮನೆಯ ಪದ್ಧತಿ ಹೇಳಿ. ನೀರು ಯಾವಾಗ ಬಿಡುತ್ತೀರಿ, ಕಸ ಎಲ್ಲಿ ಹಾಕಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು, ಪಿಟ್ ಎಲ್ಲಿದೆ, ಮೇನ್ ಸ್ವಿಚ್ ಎಲ್ಲಿದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಹಾಲು ಕರೆಯುವ ಮೆಷಿನ್ ಶುರುವಾಗುತ್ತದೆ, ಪಕ್ಕದಲ್ಲೇ ತಿಪ್ಪೆ ಇದೆ, ನೊಣ ಇರುತ್ತದೆ. ಇದನ್ನೂ ಮೊದಲೇ ಹೇಳುತ್ತೇನೆ. ಕೇಳಿ ವಾಪಸ್ ಹೋದವರಿದ್ದಾರೆ. ಹೋಗಲಿ, ಬಂದು ಜಗಳ ಮಾಡುವುದಕ್ಕಿಂತ ಅದು ಒಳ್ಳೆಯದು. ತರಕಾರಿ ಸಿಪ್ಪೆ ಹಸುವಿಗೆ ಬೇರೆ ಬಕೆಟ್ಟಿನಲ್ಲಿ ಹಾಕಿ, ಪ್ಲಾಸ್ಟಿಕ್ ಕವರ್ ಹಾಕಬೇಡಿ ಅಂತ ತೋರಿಸಿ ಹೇಳಬೇಕು. ಹೇಳದೆ ನಾನು ಒಂದು ಕರು ಕಳೆದುಕೊಂಡಿದ್ದೇನೆ.

ನೀರಿನ ವಿಷಯದಲ್ಲಿ ಸುಳ್ಳು ಬೇಡ. 2024ರ ಬೇಸಿಗೆಯಲ್ಲಿ ಬೆಂಗಳೂರು ಸುತ್ತ ಬೋರ್‌ಗಳು ಬತ್ತಿದಾಗ '24 ಗಂಟೆ ನೀರು' ಅಂತ ಹೇಳಿ ಮನೆ ಕೊಟ್ಟವರು ತಲೆತಗ್ಗಿಸಬೇಕಾಯಿತು.

ಕರೆಂಟಿಗೆ ಬಂದರೆ, ಗೃಹಜ್ಯೋತಿ ಯೋಜನೆ 2023ರಲ್ಲಿ ಶುರುವಾದ ಮೇಲೆ ಬಾಡಿಗೆದಾರರಿಗೂ 200 ಯೂನಿಟ್‌ವರೆಗಿನ ಲಾಭ ಸಿಗುತ್ತದೆ. ಆದರೆ ಆ ಮನೆಗೆ ಬೆಸ್ಕಾಂನ ಬೇರೆ ಮೀಟರ್ ಇರಬೇಕು, ಅರ್ಜಿಗೆ ಕರಾರು ಬೇಕು. ಒಂದೇ ಮೀಟರ್ ಇಟ್ಟು ಒಳಗೆ ಸಬ್‌ಮೀಟರ್ ಹಾಕಿದ್ದರೆ ಪ್ರತಿ ಮನೆಗೂ ಸಿಗುವುದಿಲ್ಲ. ಮನೆ ಬಿಡುವವರು ತಮ್ಮ ಆಧಾರ್ ಜೋಡಣೆ ತೆಗೆಸಿ ಹೋಗಬೇಕು. ಇಲ್ಲದಿದ್ದರೆ ಅವರ ಮುಂದಿನ ಮನೆಗೆ ತೊಂದರೆ, ನಮ್ಮ ಮುಂದಿನ ಬಾಡಿಗೆದಾರರಿಗೂ ತೊಂದರೆ.

ಶೆಡ್ಡು ಕೊಡುವವರಿಗೆ

ಪೀಣ್ಯ, ಬೊಮ್ಮಸಂದ್ರದ ಕಡೆ ಲೇತ್, ಪವರ್ ಪ್ರೆಸ್, ಪ್ಯಾಕಿಂಗ್ ಕೆಲಸಕ್ಕೆ ಶೆಡ್ಡು ಕೇಳುತ್ತಾರೆ. ಬಾಡಿಗೆ ಜಾಸ್ತಿ, ಜವಾಬ್ದಾರಿಯೂ ಜಾಸ್ತಿ. ತಯಾರಿಕೆ ಕೆಲಸಕ್ಕೆ ಕೊಟ್ಟ ಜಾಗಕ್ಕೆ ಸರಿಯಾದ ಕರಾರು ಇಲ್ಲದಿದ್ದರೆ 15 ದಿನದ ನೋಟಿಸ್ ಸಾಲುವುದಿಲ್ಲ. 1882ರ ಕಾಯ್ದೆ ಅದನ್ನು ವರ್ಷದಿಂದ ವರ್ಷದ ಬಾಡಿಗೆ ಅಂತ ಲೆಕ್ಕ ಹಿಡಿದು ಆರು ತಿಂಗಳ ನೋಟಿಸ್ ಕೇಳುತ್ತದೆ. ಆದ್ದರಿಂದ ಶೆಡ್ಡಿಗೆ ನೋಂದಣಿ ಮಾಡಿಸಿದ ಕರಾರೇ ಸರಿ. ಕರೆಂಟಿನ ಮಂಜೂರಾದ ಹೆಚ್‌ಪಿ ಎಷ್ಟು, ಅವರು ಕೂರಿಸುವ ಮೆಷಿನ್ ಎಷ್ಟರದ್ದು ಬರೆಯಿರಿ. ಮನೆ ಮೀಟರಿನಿಂದ ಮೆಷಿನ್ ಓಡಿಸಿದರೆ ದಂಡದ ಬಿಲ್ಲು ಬರುವುದು ಮೀಟರ್ ಯಾರ ಹೆಸರಲ್ಲಿದೆಯೋ ಅವರಿಗೆ. ಆಸಿಡ್, ಬಣ್ಣ, ಎಣ್ಣೆ ನೀರನ್ನು ಚರಂಡಿಗೆ, ಹೊಲಕ್ಕೆ ಬಿಡುವಂತಿಲ್ಲ ಅಂತ ಒಂದು ಸಾಲು ಇರಲೇಬೇಕು. ಬಾಡಿಗೆದಾರ ಹೋಗುತ್ತಾನೆ. ಕೆಟ್ಟ ಬಾವಿ ನಮ್ಮದೇ ಆಗಿ ಉಳಿಯುತ್ತದೆ.

ತೆರಿಗೆ ಬಗ್ಗೆ ಒಂದು ಮಾತು

ರೈತರ ಆದಾಯಕ್ಕೆ ತೆರಿಗೆ ಇಲ್ಲ ಅಂತ ಬಾಡಿಗೆಗೂ ಇಲ್ಲ ಅಂದ್ಕೋಬೇಡಿ. ರಾಗಿ ಮಾರಿದ್ದು ಬೇರೆ, ಸಾಲುಮನೆ ಬಾಡಿಗೆ ಬೇರೆ. ಬಾಡಿಗೆಯಿಂದ ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30 ರಿಪೇರಿ ಬಾಬ್ತು ಬಿಟ್ಟು, ಮಿಕ್ಕದ್ದನ್ನು ಆದಾಯಕ್ಕೆ ಸೇರಿಸುತ್ತಾರೆ. ಐಟಿ ಕಂಪನಿಯವರು ವರ್ಷಕ್ಕೆ 1 ಲಕ್ಷ ಮೀರಿ ಬಾಡಿಗೆ ಕೊಡುವುದಾದರೆ ಅವರ ಆಫೀಸಿನಲ್ಲಿ ಮಾಲೀಕರ ಪಾನ್ ನಂಬರು ಕೇಳುತ್ತಾರೆ. ಹೆದರಿ 'ಕೊಡಲ್ಲ' ಅನ್ನುವ ಬದಲು ಲೆಕ್ಕ ಬರೆದಿಡುವುದನ್ನು ಕಲಿಯೋಣ.

ಬಾಡಿಗೆ ಬರದಿದ್ದರೆ?

ಕೋಪ ಬರುತ್ತದೆ, ನಿಜ. ಆದರೆ ಕರೆಂಟು ಕೀಳುವುದು, ನೀರು ನಿಲ್ಲಿಸುವುದು, ಅವರ ಬೀಗದ ಮೇಲೆ ನಮ್ಮ ಬೀಗ ಹಾಕುವುದು ಇವು ಯಾವುವೂ ಬೇಡ. ಕಾನೂನು ಬಿಟ್ಟು ಹೊರಗೆ ಹಾಕಿಸಿಕೊಂಡವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮತ್ತೆ ಒಳಗೆ ಬರಬಹುದು. ಗೆಲ್ಲುವ ಕೇಸನ್ನು ನಾವೇ ಸೋತ ಹಾಗೆ. ಮೊದಲು ಕೂತು ಮಾತಾಡಿ. ಆಮೇಲೆ ಬರಹದಲ್ಲಿ ನೋಟಿಸ್. ಅದೂ ಆಗದಿದ್ದರೆ ವಕೀಲರು.

ಮಾತಿಗೆ ಎಷ್ಟು ಬೆಲೆ ಇದೆ ಅಂತ 2020ರಲ್ಲಿ ತಿಳಿಯಿತು. ಮಾರ್ಚಿನ ಲಾಕ್‌ಡೌನಿಗೆ ಫ್ಯಾಕ್ಟರಿ ಮುಚ್ಚಿದವು. ಏಳರಲ್ಲಿ ಐದು ಮನೆಯವರು ಊರಿಗೆ ಹೊರಟರು. ಕೈಯಲ್ಲಿ ದುಡ್ಡಿಲ್ಲ, ಅಡ್ವಾನ್ಸ್ ಕೇಳಿದರು. ಆಗ ಅಡ್ವಾನ್ಸ್ ಬೇರೆ ಖಾತೆಯಲ್ಲಿತ್ತು, ಹಾಗಾಗಿ ಅದೇ ದಿನ ಕೊಡಲು ಆಯಿತು. ಇದ್ದ ಇಬ್ಬರಿಗೆ ಎರಡು ತಿಂಗಳ ಬಾಡಿಗೆ ಬಿಟ್ಟೆ, ಕರಾರಿನ ಹಿಂದೆ ಅದನ್ನೂ ಬರೆದು ಸಹಿ ಹಾಕಿದೆ. ರಾಯಚೂರು ಕಡೆಯ ಒಂದು ಸಂಸಾರ ವರ್ಷ ಕಳೆದ ಮೇಲೆ ವಾಪಸ್ ಬಂದು 'ಅದೇ ಮನೆ ಐತೇನ್ರಿ?' ಅಂತ ಕೇಳಿತು. ಮನೆ ಖಾಲಿ ಇತ್ತು. ಹೊಸ ಕರಾರು ಬರೆದೆವು. ಅವರು ಇಂದಿಗೂ ಇದ್ದಾರೆ.

ಪ್ರತಿ ತಿಂಗಳು ರಸೀತಿ ಪುಸ್ತಕದಲ್ಲಿ ಬರೆದು ಹರಿದು ಕೊಡುತ್ತೇನೆ. ಫೋನಿನಲ್ಲಿ ದುಡ್ಡು ಬಂದಿದ್ದರೂ ಕೊಡುತ್ತೇನೆ. ಐವತ್ತು ರೂಪಾಯಿಯ ಪುಸ್ತಕ ಒಂದು ವರ್ಷ ಬರುತ್ತದೆ. ಮೊನ್ನೆ ನನ್ನ ಮಗ 'ಎಲ್ಲಾ ಮೊಬೈಲಲ್ಲೇ ಇರುತ್ತಲ್ಲಪ್ಪ, ಇದ್ಯಾಕೆ?' ಅಂದ. 'ನಿಮ್ಮ ತಾತನಿಗೆ ಇಂಥದ್ದು ಒಂದು ಹಾಳೆ ಸಿಕ್ಕಿರಲಿಲ್ಲ ಕಣಪ್ಪ' ಅಂದೆ.